ಆಯುಧಪೂಜೆಗೆ ತೊಳೆಸಿದ ಸೈಕಲ್: ಒಂದು ಪ್ರಕರಣ

ಸೈಕಲ್ 21 ಗೇರಿನದು. 26 ಇಂಚಿನ ಚಕ್ರ, ಉಕ್ಕಿನ ಫ್ರೇಮ್, ರಿಮ್ ಹಿಡಿಯುವ ವಿ-ಬ್ರೇಕ್. ಮಾಲೀಕರು ನಮ್ಮ ಬೀದಿಯ ನಿವೃತ್ತ ಗಣಿತ ಮೇಷ್ಟ್ರು. ದಿನಾ ಬೆಳಿಗ್ಗೆ ಕುವೆಂಪುನಗರದಿಂದ ಕುಕ್ಕರಹಳ್ಳಿ ಕೆರೆಗೆ ಸೈಕಲ್ಲಿನಲ್ಲಿ ಹೋಗುತ್ತಾರೆ. ಅಲ್ಲಿ ಒಂದು ಸುತ್ತು ನಡೆದು, ಬರುವಾಗ ಸೊಪ್ಪು ತರಕಾರಿ ತರುತ್ತಾರೆ. ಸೈಕಲ್ಲಿಗೆ ಅದಕ್ಕಿಂತ ಜಾಸ್ತಿ ಕೆಲಸವಿಲ್ಲ. ಇಷ್ಟು ಹಗುರವಾಗಿ ಓಡುವ ಗಾಡಿ ಬೇಗ ಕೆಡುವುದಿಲ್ಲ. ಇದು ಕೆಟ್ಟಿದ್ದು ಓಡಿಸಿದ್ದಕ್ಕಲ್ಲ, ತೊಳೆಸಿದ್ದಕ್ಕೆ.

ಆಯುಧಪೂಜೆಯ ಹಿಂದಿನ ದಿನ ಮೈಸೂರಿನ ವಾಟರ್ ಸರ್ವಿಸ್ ಅಂಗಡಿಗಳ ಮುಂದೆ ಸಾಲು ಹೇಗಿರುತ್ತದೆ ಗೊತ್ತಲ್ಲ. ಮೇಷ್ಟ್ರ ಮಗ ಬೈಕ್ ತೊಳೆಸಲು ಹೊರಟಾಗ ಮೇಷ್ಟ್ರೂ ಸೈಕಲ್ ತಳ್ಳಿಕೊಂಡು ಹಿಂದೆಯೇ ಹೋದರು. ಅಲ್ಲಿನ ಹುಡುಗ ಎರಡಕ್ಕೂ ಒಂದೇ ಪೈಪಿನಲ್ಲಿ ನೀರು ಹೊಡೆದ. ಕೊನೆಗೆ ಬೈಕಿಗೆ ಹೊಡೆದ ಹಾಗೆ ಸೈಕಲ್ಲಿಗೂ ಡೀಸೆಲ್ ಸ್ಪ್ರೇ ಹೊಡೆದ, ಹೊಳೆಯಲಿ ಅಂತ. ಮರುದಿನ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಸೈಕಲ್ ಹೊಸದರಂತೆ ಕಾಣುತ್ತಿತ್ತಂತೆ.

ದೀಪಾವಳಿಯ ಹೊತ್ತಿಗೆ ದೂರುಗಳು ಶುರುವಾದವು. ತುಳಿದಾಗಲೆಲ್ಲ ಕೆಳಗಿನಿಂದ ‘ಕಟ್’ ಎಂಬ ಶಬ್ದ. ಸೈಕಲ್ ಭಾರ ಅನ್ನಿಸುತ್ತದೆ. ಬ್ರೇಕ್ ಮೊದಲಿನ ಹಾಗೆ ಹಿಡಿಯುವುದಿಲ್ಲ. ಗೇರ್ ಇಳಿಸಿದರೆ ತಡವಾಗಿ ಇಳಿಯುತ್ತದೆ. ಮಧ್ಯೆ ಹಿಂಗಾರಿನ ಮಳೆಯೂ ಒಂದಷ್ಟು ಬಿದ್ದಿತ್ತು. ಹಾಗಾಗಿ ಮೇಷ್ಟ್ರು ತಪ್ಪನ್ನೆಲ್ಲ ಮಳೆಯ ತಲೆಗೆ ಕಟ್ಟಿದ್ದರು.

ಹತ್ತಿರದ ಅಂಗಡಿಯಲ್ಲಿ ತೋರಿಸಿದ್ದಾಯಿತು. ಅವರು ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಪೆಡಲ್ ಕೈಯಲ್ಲಿ ತಿರುಗಿಸಿ, ‘ಬಿ.ಬಿ. ಹೋಗಿದೆ, ಚೈನೂ ಎಳೆದಿದೆ, ಚೈನ್ ಹಾಕಿದರೆ ಫ್ರೀವೀಲೂ ಹಾಕಬೇಕು’ ಎಂದರಂತೆ. ಬಿ.ಬಿ. ಅಂದರೆ ಬಾಟಮ್ ಬ್ರ್ಯಾಕೆಟ್, ಪೆಡಲ್ ಕೂತಿರುವ ಎರಡು ತೋಳುಗಳ, ಅಂದರೆ ಕ್ರ್ಯಾಂಕುಗಳ, ನಡುವೆ ಫ್ರೇಮಿನೊಳಗೆ ಕೂತಿರುವ ಆಕ್ಸಲ್ ಮತ್ತು ಬೇರಿಂಗ್. ಫ್ರೀವೀಲ್ ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು. ಮೂರನ್ನೂ ಹಾಕಿಸಿದರೆ ಹಳೇ ಸೈಕಲ್ಲಿನ ಬೆಲೆಯಲ್ಲಿ ದೊಡ್ಡ ಪಾಲೇ ಹೋಗುತ್ತಿತ್ತು. ನಾನು ಅಂಗಡಿಯವರನ್ನು ದೂರುವುದಿಲ್ಲ. ಕೆಳಗಿನಿಂದ ಕಟ್ ಎಂದರೆ ಎಲ್ಲರೂ ಮೊದಲು ಅನುಮಾನ ಪಡುವುದು ಬಿ.ಬಿ.ಯನ್ನೇ. ಆದರೆ ಈ ಶಬ್ದ ಬರುವುದು ಮನುಷ್ಯನ ಭಾರ ಬಿದ್ದಾಗ ಮಾತ್ರ. ಸ್ಟ್ಯಾಂಡಿನ ಮೇಲೆ ಕೈಯಲ್ಲಿ ತಿರುಗಿಸಿದರೆ ಅದು ಕೇಳುವುದೇ ಇಲ್ಲ. ಅಂಗಡಿಯಲ್ಲಿ ಯಾರೂ ಸೈಕಲ್ ಹತ್ತಿ ಓಡಿಸಿ ನೋಡಿರಲಿಲ್ಲ.

ಶಬ್ದ ಎಲ್ಲಿಯದು?

ಸೈಕಲ್ಲಿನ ಫ್ರೇಮ್ ಟೊಳ್ಳು ಕೊಳವೆಗಳದ್ದು. ಒಂದು ಮೂಲೆಯಲ್ಲಿ ಹುಟ್ಟಿದ ಶಬ್ದ ಇನ್ನೊಂದು ಮೂಲೆಯಲ್ಲಿ ಕೇಳುತ್ತದೆ. ಕಿವಿಯನ್ನು ನಂಬಿ ಸಾಮಾನು ಬದಲಾಯಿಸುತ್ತಾ ಹೋದರೆ ಜೇಬು ಖಾಲಿಯಾಗುತ್ತದೆ, ಶಬ್ದ ಮಾತ್ರ ಹಾಗೇ ಇರುತ್ತದೆ. ಬಿಚ್ಚುವ ಮೊದಲು ಓಡಿಸಿ ನೋಡಬೇಕು. ಸ್ಪ್ಯಾನರ್ ಬೇಡದ ಕೆಲಸ, ಆದರೂ ಜನ ಬಿಟ್ಟುಬಿಡುವುದು ಇದನ್ನೇ.

ಮೊದಲು ನಮ್ಮ ಬೀದಿಯ ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಸುಮ್ನೆ ಬಿಟ್ಟು ನೋಡಿದೆವು. ಶಬ್ದ ನಿಂತಿತು. ಅಂದರೆ ಅದು ಚಕ್ರದ್ದಲ್ಲ. ಚಕ್ರದ ನಡುವಿನ ಹಬ್ಬಿನದೋ ಕಡ್ಡಿಯದೋ ಆಗಿದ್ದರೆ ಪೆಡಲ್ ನಿಂತರೂ ಬರುತ್ತಲೇ ಇರುತ್ತಿತ್ತು. ಆಮೇಲೆ ಸೀಟಿನಿಂದ ಎದ್ದು ನಿಂತು ತುಳಿಯಲು ಹೇಳಿದೆ. ಶಬ್ದ ಬಂತು. ಸೀಟು, ಸೀಟಿನ ಕಂಬ ಎರಡೂ ಪಾರಾದವು.

ಇನ್ನು ಚೈನೋ ಪೆಡಲ್ ಕಡೆಯದೋ ಎಂಬುದು. ಇಲ್ಲಿ ಲೆಕ್ಕ ಸಹಾಯಕ್ಕೆ ಬರುತ್ತದೆ. ಮುಂದಿನ ನಡುವಿನ ಹಲ್ಲುಚಕ್ರಕ್ಕೆ 38 ಹಲ್ಲು. ಚೈನಿನಲ್ಲಿ ಸುಮಾರು 110 ಕೊಂಡಿ. ಪೆಡಲ್ ಒಂದು ಸುತ್ತು ತಿರುಗಿದರೆ ಚೈನ್ 38 ಕೊಂಡಿಯಷ್ಟು ಮುಂದೆ ಹೋಗುತ್ತದೆ. ಚೈನಿನ ಒಂದೇ ಕೊಂಡಿ ಬಿಗಿಯಾಗಿದ್ದರೆ ಅದು ಅದೇ ಜಾಗಕ್ಕೆ ಮತ್ತೆ ಬರಲು ಪೆಡಲ್ ಹೆಚ್ಚುಕಡಿಮೆ ಮೂರು ಸುತ್ತು ತಿರುಗಬೇಕು. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ‘ಸುತ್ತಿಗೆ ಒಂದೇ ಸಲ ಬರ್ತಿದೆ ಕಣಪ್ಪ, ಮೂರಕ್ಕೊಂದು ಸಲ ಅಲ್ಲ’ ಎಂದು ತಿರುವಿನಿಂದಲೇ ಕೂಗಿದರು. ಚೈನೂ ಅಲ್ಲ ಎಂದಾಯಿತು.

‘ಮೇಷ್ಟ್ರೇ, ಈಗ ಬಲಗಾಲು ತೆಗೆದು ಎಡಗಾಲಲ್ಲಿ ಮಾತ್ರ ತುಳೀರಿ.’

‘ರಿಟೈರ್ ಆದ ಮೇಲೆ ನನಗೇ ಪರೀಕ್ಷೆ ಇಡ್ತೀಯಲ್ಲೋ.’

ಎಡಗಾಲಲ್ಲಿ ತುಳಿದಾಗ ಕಟ್ ಕಟ್ ಎಂದಿತು. ಬಲಗಾಲಲ್ಲಿ ತುಳಿದಾಗ ಏನೂ ಇಲ್ಲ. ಬಿ.ಬಿ. ಹೋಗಿದ್ದರೆ ಸಾಮಾನ್ಯವಾಗಿ ಎರಡು ಕಾಲಿಗೂ ಏನಾದರೊಂದು ಗೊತ್ತಾಗಬೇಕು. ಆದರೂ ಅದನ್ನು ಬೇರೆಯಾಗಿಯೇ ನೋಡಿದೆ. ಚೈನನ್ನು ಹಲ್ಲುಚಕ್ರದಿಂದ ಇಳಿಸಿ ಬಿ.ಬಿ.ಯ ಕೊಳವೆಯ ಮೇಲೆ ಇಟ್ಟು ಕ್ರ್ಯಾಂಕ್ ತಿರುಗಿಸಿದೆ. ನುಣ್ಣಗೆ ತಿರುಗಿತು. ಕ್ರ್ಯಾಂಕ್ ಹಿಡಿದು ಫ್ರೇಮಿನ ಕಡೆಗೂ ಹೊರಗೂ ಅಲ್ಲಾಡಿಸಿದೆ. ಆಟವಿಲ್ಲ. ಇದು ಒಳಗೇ ಮುಚ್ಚಿಕೊಂಡಿರುವ ಕಾರ್ಟ್ರಿಜ್ ಮಾದರಿಯ ಬಿ.ಬಿ., ಹಾಗಾಗಿ ನೀರಿನಿಂದ ಬಚಾವಾಗಿತ್ತು. ಹಳೇ ಕಾಲದ ಬಿಡಿ ಗುಂಡುಗಳ ಬಿ.ಬಿ. ಆಗಿದ್ದರೆ ಅಂಗಡಿಯವರ ಮಾತೇ ನಿಜವಾಗುತ್ತಿತ್ತೇನೋ.

ಉಳಿದದ್ದು ಎಡ ಕ್ರ್ಯಾಂಕಿನ ಬೋಲ್ಟ್ ಮತ್ತು ಎಡ ಪೆಡಲ್. ಬೋಲ್ಟ್ ಬಿಗಿಯಾಗೇ ಇತ್ತು.

ಎಡ ಪೆಡಲ್

ಪೆಡಲ್ ಬಿಚ್ಚಲು 15 ಎಂ.ಎಂ. ಸ್ಪ್ಯಾನರ್ ಬೇಕು. ಸಾಮಾನ್ಯ ಸ್ಪ್ಯಾನರ್ ದಪ್ಪ ಜಾಸ್ತಿ ಇದ್ದರೆ ಪೆಡಲ್ಲಿಗೂ ಕ್ರ್ಯಾಂಕಿಗೂ ನಡುವೆ ಇಳಿಯುವುದಿಲ್ಲ, ತೆಳುವಾದದ್ದೇ ಇರಲಿ. ಎಡ ಪೆಡಲ್ಲಿನ ಮರೆ, ಅಂದರೆ ಸ್ಕ್ರೂವಿನ ಥ್ರೆಡ್, ಉಲ್ಟಾ. ಉಳಿದ ಬೋಲ್ಟುಗಳನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಇದು ಇನ್ನಷ್ಟು ಬಿಗಿಯಾಗುತ್ತದೆ. ನೆನಪಿಟ್ಟುಕೊಳ್ಳಲು ಸುಲಭದ ದಾರಿ ಇದೆ. ಸ್ಪ್ಯಾನರ್ ಮೇಲ್ಮುಖವಾಗಿ ನಿಲ್ಲುವಂತೆ ಹಾಕಿ, ಯಾವ ಕಡೆಯ ಪೆಡಲ್ ಆದರೂ ಸರಿ, ಹಿಂದಿನ ಚಕ್ರದ ಕಡೆಗೆ ಎಳೆದರೆ ಬಿಚ್ಚುತ್ತದೆ. ಕೈ ಜಾರಿದರೆ ಗೆಣ್ಣು ಹಲ್ಲುಚಕ್ರಕ್ಕೆ ಹೋಗಿ ಬಡಿಯುತ್ತದೆ. ಚೈನನ್ನು ಮುಂದಿನ ದೊಡ್ಡ ಹಲ್ಲುಚಕ್ರಕ್ಕೆ ಏರಿಸಿ ಇಟ್ಟುಕೊಂಡರೆ ಹಲ್ಲು ಮುಚ್ಚಿರುತ್ತವೆ.

ಬಿಚ್ಚಿದಾಗ ಮರೆಯಲ್ಲಿ ಗ್ರೀಸ್ ಒಂದಿಷ್ಟೂ ಇರಲಿಲ್ಲ, ಕೆಂಪು ತುಕ್ಕಿನ ಪುಡಿ ಮಾತ್ರ. ಒಣಗಿದ ಮರೆಯೂ ತುಳಿದಾಗ ಕಟ್ ಎನ್ನುತ್ತದೆ. ಹಾಗಾದರೆ ಕಳ್ಳ ಮರೆಯೋ, ಪೆಡಲ್ಲಿನ ಒಳಗಿನ ಬೇರಿಂಗೋ? ಮರೆಯನ್ನು ಬಟ್ಟೆಯಲ್ಲಿ ಒರೆಸಿ, ಗ್ರೀಸ್ ಹಚ್ಚಿ, ಅದೇ ಪೆಡಲ್ ಮತ್ತೆ ಹಾಕಿ ಓಡಿಸಿದೆವು. ಶಬ್ದ ಕಮ್ಮಿಯಾಯಿತು, ಹೋಗಲಿಲ್ಲ. ಹೀಗೆ ಒಂದೊಂದೇ ಬದಲಾಯಿಸಿ ನೋಡುವುದು ಬೇಜಾರಿನ ಕೆಲಸವೇ. ಒಟ್ಟಿಗೆ ಮೂರು ಸರಿಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ, ಅಲ್ವಾ?

ಪೆಡಲ್ ಮತ್ತೆ ಬಿಚ್ಚಿ ಬೆರಳಲ್ಲಿ ತಿರುಗಿಸಿದಾಗ ಕರಕರ ಎಂದಿತು. ಕಾರಣ ಹೊರಗಿನಿಂದಲೇ ಕಾಣುತ್ತಿತ್ತು. ಪೆಡಲ್ಲಿನ ಹೊರತುದಿಯಲ್ಲಿ ಬೇರಿಂಗ್ ಮುಚ್ಚುವ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಎಡಗಡೆಯದು ಇರಲೇ ಇಲ್ಲ. ಮೇಷ್ಟ್ರ ಮನೆಯ ಗೇಟು ಕಿರಿದು, ಸೈಕಲ್ ಒಳಗೆ ತರುವಾಗ ಎಡ ಪೆಡಲ್ ಕಂಬಕ್ಕೆ ಉಜ್ಜುತ್ತದೆ. ಕಂಬದ ಮೇಲೆ ಗೀರುಗಳೂ ಇವೆ. ಮುಚ್ಚಳ ಯಾವಾಗಲೋ ಬಿದ್ದುಹೋಗಿದೆ. ಆದರೂ ಸೈಕಲ್ ಸುಮ್ಮನೆ ಓಡುತ್ತಿತ್ತು. ಒಳಗಿನ ಗ್ರೀಸ್ ಧೂಳನ್ನೆಲ್ಲ ಹಿಡಿದುಕೊಂಡು ಒಂದು ಬಿರಡೆ ಹಾಗೆ ಕೂತಿತ್ತು. ವಾಟರ್ ಸರ್ವಿಸಿನ ನೀರು ನೇರ ಆ ತೂತಿಗೆ ಹೊಡೆದು ಗ್ರೀಸನ್ನು ಕಿತ್ತು ಹಾಕಿತು. ಧೂಳು ಒಳಕ್ಕೆ ಹೋಯಿತು, ನೀರು ಅಲ್ಲೇ ನಿಂತಿತು. ಗುಂಡುಗಳಿಗೆ ತುಕ್ಕು ಹಿಡಿಯಲು ಮೂರು ವಾರ ಧಾರಾಳ ಸಾಕು.

ಮನೆಬಳಕೆಗೆ ಮಾರುವ ಚಿಕ್ಕ ಪ್ರೆಶರ್ ವಾಷರುಗಳಲ್ಲೇ ನೀರಿನ ಒತ್ತಡ 100 ಬಾರ್ ದಾಟುತ್ತದೆ. ಅಂದರೆ ಟೈರಿನ ಗಾಳಿ ಅಳೆಯುವ ಲೆಕ್ಕದಲ್ಲಿ 1,450 ಪಿ.ಎಸ್.ಐ. ಪೈಪಿನ ಬಾಯಿಯಿಂದ ದೂರ ಹೋದಷ್ಟೂ ಅದು ಇಳಿಯುತ್ತದೆ ನಿಜ. ಆದರೆ ಅಂಟಿದ ಕೊಳೆ ಹೋಗಲಿ ಅಂತ ಹುಡುಗರು ಪೈಪನ್ನು ಒಂದು ಗೇಣು ಹತ್ತಿರಕ್ಕೆ ಹಿಡಿಯುತ್ತಾರೆ. ಸೈಕಲ್ಲಿನ ಹಬ್ಬು, ಪೆಡಲ್ಲುಗಳಲ್ಲಿರುವುದು ಒಂದು ತೆಳು ರಬ್ಬರ್ ಇಲ್ಲವೇ ತಗಡಿನ ಮುಚ್ಚಳ. ಮಳೆಯ ಹನಿ, ಬಕೆಟ್ ನೀರು ತಡೆಯುವುದಕ್ಕೆ ಅಷ್ಟು ಸಾಕು, ಈ ಏಟು ತಡೆಯುವುದಕ್ಕಲ್ಲ. ಹಾಗಾಗಿ ಮಳೆಯ ಮೇಲೆ ಮೇಷ್ಟ್ರು ಹೊರಿಸಿದ್ದ ಆರೋಪವನ್ನು ವಾಪಸ್ ತೆಗೆದುಕೊಳ್ಳಲು ಹೇಳಿದೆ.

ಪೆಡಲ್ಲಿನ ಗುಂಡು ಬದಲಾಯಿಸಬಹುದಿತ್ತು. ಆದರೆ ಆಕ್ಸಲ್ ಮೇಲೇ ಗುಳಿಗಳು ಬಿದ್ದಿದ್ದವು. ಹೊಸ ಗುಂಡು ಹಾಕಿದರೂ ಆ ಗುಳಿಗಳ ಮೇಲೇ ಉರುಳಬೇಕು. ಒಂದು ಜೊತೆ ಹೊಸ ಪೆಡಲ್ ತಂದೆವು, ಸಾಧಾರಣದ್ದೇ. ಹಾಕುವ ಮೊದಲು ಎರಡರ ಮರೆಗೂ ಗ್ರೀಸ್ ಹಚ್ಚಿದೆ. ಕಟ್ ಶಬ್ದ ಪೂರ್ತಿ ಹೋಯಿತು.

ಭಾರ ಎನ್ನುವ ದೂರು

ಇದಕ್ಕೆ ನಾನು ನೇರ ಹಿಂದಿನ ಹಬ್ಬಿಗೆ ಕೈ ಹಾಕುವವನಿದ್ದೆ. ಅದಕ್ಕೆ ಮೊದಲು ಗಾಳಿ ನೋಡಿದೆ. ಟೈರಿನ ಪಕ್ಕದಲ್ಲಿ 40ರಿಂದ 65 ಪಿ.ಎಸ್.ಐ. ಎಂದು ಅಚ್ಚಾಗಿದೆ. ಗೇಜಿರುವ ಪಂಪ್ ಹಾಕಿದಾಗ ಹಿಂದಿನದರಲ್ಲಿ 22 ತೋರಿಸಿತು. ಮೇಷ್ಟ್ರು ಹೆಬ್ಬೆರಳಲ್ಲಿ ಒತ್ತಿ ನೋಡಿ ‘ಗಟ್ಟಿ ಇದೆ’ ಎನ್ನುತ್ತಿದ್ದರು. ಬೆರಳಿಗೆ 25ಕ್ಕೂ 50ಕ್ಕೂ ಇರುವ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಟ್ಯೂಬು ಎಷ್ಟೇ ಚೆನ್ನಾಗಿರಲಿ, ಗಾಳಿ ದಿನ ದಿನಕ್ಕೆ ಒಂದಿಷ್ಟು ಇಳಿಯುತ್ತಲೇ ಇರುತ್ತದೆ. 50ಕ್ಕೆ ತುಂಬಿಸಿದ್ದೇ, ಭಾರ ಎಂಬ ದೂರಿನಲ್ಲಿ ಮುಕ್ಕಾಲು ಪಾಲು ಅಲ್ಲೇ ತೀರಿತು. ಮನೆಯಲ್ಲಿ ಸೈಕಲ್ ಇಟ್ಟುಕೊಂಡವರು ಒಂದೇ ಒಂದು ಸಾಮಾನು ಕೊಳ್ಳುವುದಾದರೆ ಗೇಜಿರುವ ನೆಲಪಂಪ್ ಕೊಳ್ಳಲಿ. ಬಣ್ಣಬಣ್ಣದ ಸ್ಪ್ರೇ ಡಬ್ಬಿಗಳೆಲ್ಲ ಆಮೇಲೆ.

ಉಳಿದ ಕಾಲು ಪಾಲು ಹಬ್ಬಿನಲ್ಲಿತ್ತು. ಚಕ್ರ ಬಿಚ್ಚಿ ಆಕ್ಸಲ್ಲನ್ನು ಎರಡು ಬೆರಳಲ್ಲಿ ತಿರುಗಿಸಿದರೆ ಹಿಂದಿನದು ತಡೆದು ತಡೆದು ತಿರುಗುತ್ತಿತ್ತು.

ಇಂಥ ಹಬ್ಬಿನಲ್ಲಿ ಬಿಡಿ ಗುಂಡುಗಳಿರುತ್ತವೆ. ಹಿಂದಿನದರಲ್ಲಿ ಸಾಮಾನ್ಯವಾಗಿ ಒಂದೊಂದು ಕಡೆ ಕಾಲು ಇಂಚಿನ 9 ಗುಂಡು, ಮುಂದಿನದರಲ್ಲಿ 3/16 ಇಂಚಿನ 10. ಅವುಗಳ ಮೇಲೆ ಕೋನ್, ಅಂದರೆ ಗುಂಡುಗಳನ್ನು ಒತ್ತಿ ಹಿಡಿಯುವ ಮೊನಚು ನಟ್. ಕೋನ್ ಸರಿಯದಂತೆ ಅದರ ಮೇಲೆ ಲಾಕ್ ನಟ್. ಎಡಗಡೆಯ ಲಾಕ್ ನಟ್, ಕೋನ್ ಸಡಿಲಿಸಿ ಆಕ್ಸಲ್ ಎಳೆದರೆ ಎಲ್ಲ ಹೊರಗೆ ಬರುತ್ತದೆ. ಕೆಳಗೆ ಒಂದು ತಟ್ಟೆ ಇಟ್ಟುಕೊಳ್ಳಿ. ಒಂದು ಗುಂಡು ಮಂಚದ ಕೆಳಗೆ ಹೋದರೆ ಇಡೀ ಸಂಜೆ ಹೋದಂತೆ.

ಹಿಂದಿನ ಹಬ್ಬಿಗೆ ಬಲಗಡೆ ಫ್ರೀವೀಲ್ ಅಡ್ಡ. ಅದನ್ನು ತೆಗೆಯದೆಯೂ ಚಿಮಟದಲ್ಲಿ ಗುಂಡು ಎತ್ತಬಹುದು, ಆದರೆ ಒಳಗೆ ಚೆನ್ನಾಗಿ ಒರೆಸಲು ಆಗುವುದಿಲ್ಲ. ನಾವು ತುಳಿದಂತೆಲ್ಲ ಫ್ರೀವೀಲ್ ಬಿಗಿಯಾಗುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ತುಳಿದದ್ದನ್ನು ಮನೆಯಲ್ಲಿ ಕೈಯಲ್ಲಿ ಬಿಚ್ಚುತ್ತೇನೆಂದು ಹಟ ಹಿಡಿದರೆ ಟೂಲ್ ಹಲ್ಲು ಜಾರಿ ಫ್ರೀವೀಲೇ ಹಾಳಾಗುತ್ತದೆ. ಬರೀ ಚಕ್ರ ತೆಗೆದುಕೊಂಡು ಅದೇ ಅಂಗಡಿಗೆ ಹೋದೆವು. ಅವರು ಫ್ರೀವೀಲ್ ಬಿಚ್ಚುವ ಟೂಲನ್ನು ಬಿಗಿಹಿಡಿಯುವ ವೈಸಿಗೆ ಕಚ್ಚಿಸಿ, ಚಕ್ರವನ್ನೇ ಸ್ಟಿಯರಿಂಗ್ ಹಿಡಿದಂತೆ ತಿರುಗಿಸಿ ಕ್ಷಣದಲ್ಲಿ ಬಿಚ್ಚಿಕೊಟ್ಟರು. ಕಾಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಗುಂಡು, ಗ್ರೀಸ್ ಅವರ ಬಳಿಯೇ ಕೊಂಡೆವು.

ಒಳಗಿನ ಗ್ರೀಸ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಗ್ರೀಸಿಗೆ ನೀರು ಸೇರಿ ಕಡೆದಾಗ ಆಗುವುದು ಹೀಗೇ. ಆಮೇಲೆ ಅದು ಗುಂಡುಗಳನ್ನು ಕಾಯುವುದಿಲ್ಲ. ಎಲ್ಲ ಒರೆಸಿ, ಡೀಸೆಲ್ ಅದ್ದಿದ ಬ್ರಷ್‌ನಲ್ಲಿ ತೊಳೆದು, ಹಳೇ ಬನಿಯನ್ ಬಟ್ಟೆಯಲ್ಲಿ ಒಣಗಿಸಿ ನೋಡಿದೆ. ಹಬ್ಬಿನ ಬಟ್ಟಲು ಚೆನ್ನಾಗಿತ್ತು. ಎಡ ಕೋನ್ ನುಣ್ಣಗಿತ್ತು. ಬಲ ಕೋನಿನ ಮೇಲೆ ಸಾಸಿವೆಗಿಂತ ಚಿಕ್ಕ ಒಂದು ಗುಳಿ ಇತ್ತು. ಗುಂಡುಗಳನ್ನೆಲ್ಲ ಹೊಸದು ಹಾಕಿದೆ. ಹಳೆಯದರಲ್ಲಿ ನಾಲ್ಕು ಚೆನ್ನಾಗಿ ಕಂಡರೂ ಹೊಸದರ ಜೊತೆ ಬೆರೆಸಬಾರದು. ಸವೆದದ್ದು ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ, ಆಗ ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ. ಬಟ್ಟಲಿಗೆ ಗ್ರೀಸ್ ತುಂಬಿದರೆ ಗುಂಡುಗಳು ಅಂಟಿಕೊಂಡು ಕೂರುತ್ತವೆ. ಇಲ್ಲಿ ಗ್ರೀಸಿಗೆ ಜಿಪುಣತನ ಬೇಡ. ಜಾಸ್ತಿಯಾದದ್ದು ಹೊರಗೆ ಬಂದರೆ ಒರೆಸಿದರಾಯಿತು.

ಕಷ್ಟ ಇರುವುದು ಕೋನ್ ಕೂರಿಸುವುದರಲ್ಲಿ. ಬಿಗಿ ಜಾಸ್ತಿಯಾದರೆ ಗುಂಡು ಅರೆಯುತ್ತವೆ, ಸಡಿಲವಾದರೆ ಚಕ್ರ ಅಲ್ಲಾಡುತ್ತದೆ. ಕೋನನ್ನು ತೆಳು ಸ್ಪ್ಯಾನರಿನಲ್ಲಿ ಹಿಡಿದು ಲಾಕ್ ನಟ್ ಬಿಗಿ ಮಾಡುವಾಗ ಕೋನೂ ಚೂರು ಒಳಕ್ಕೆ ಸರಿಯುತ್ತದೆ. ಅದಕ್ಕೆ ಮೊದಲೇ ಸ್ವಲ್ಪ ಸಡಿಲ ಇಟ್ಟಿರಬೇಕು. ಬಿಗಿ ಮಾಡುವುದು, ಆಕ್ಸಲ್ ತಿರುಗಿಸಿ ನೋಡುವುದು, ಅಲ್ಲಾಡಿಸಿ ನೋಡುವುದು, ಮತ್ತೆ ಸಡಿಲಿಸುವುದು. ಕೈಗೆ ಹದ ಸಿಗುವವರೆಗೆ ಇದೇ. ಇದನ್ನು ಬರೆದು ಕಲಿಸಲು ಬರುವುದಿಲ್ಲ.

ಮುಂದಿನ ಹಬ್ಬಿನಲ್ಲಿ ಬೇರೆಯೇ ಒಂದು ವಿಷಯ ಸಿಕ್ಕಿತು. ಚೆಂಡುಹೂವಿನ ಹಾರದ ದಾರ. ಹೂವು ಉದುರಿಹೋಗಿ ದಾರ ಮಾತ್ರ ಆಕ್ಸಲ್ಲಿಗೆ ಸುತ್ತಿಕೊಂಡು ಮುಚ್ಚಳದ ಸಂದಿಗೆ ಸೇರಿತ್ತು. ಗ್ರೀಸನ್ನು ಹೀರಿ ಕಪ್ಪಾಗಿತ್ತು. ಪಿನ್ನಿನಲ್ಲಿ ಎಳೆದು ತೆಗೆದೆ. ಪೂಜೆ ಮಾಡಿದ ಹಾರವನ್ನು ಹ್ಯಾಂಡಲ್ಲಿಗೆ ಮಾತ್ರ ಹಾಕಿ, ಸಂಜೆಗೆ ಬಿಚ್ಚಿಬಿಡಿ ಎಂದು ಮೇಷ್ಟ್ರ ಮನೆಯವರಿಗೂ ಹೇಳಿದೆ. ‘ಅದನ್ನ ನಾನು ಅವತ್ತೇ ಹೇಳಿದ್ದೆ’ ಎಂದರು ಅವರು.

ಸೀಟಿನ ಕಂಬ ಎಳೆದು ಸೈಕಲ್ಲನ್ನು ತಲೆಕೆಳಗು ಮಾಡಿದಾಗ ಸೀಟಿನ ಕೊಳವೆಯಿಂದ ಒಂದೆರಡು ಚಮಚ ಕಂದು ನೀರು ಸುರಿಯಿತು. ಉಕ್ಕಿನ ಫ್ರೇಮಿಗೆ ಇದು ಒಳ್ಳೆಯದಲ್ಲ. ಹೊರಗಿನ ತುಕ್ಕು ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಬಿಸಿಲಲ್ಲಿ ಒಂದು ದಿನ ಹಾಗೇ ಬಿಟ್ಟು, ಕಂಬಕ್ಕೆ ಗ್ರೀಸ್ ಸವರಿ ವಾಪಸ್ ಹಾಕಿದೆ.

ಚೈನ್ ಬದಲಾಯಿಸಲಿಲ್ಲ

‘ಚೈನ್ ಎಳೆದಿದೆ’ ಎಂಬ ಮಾತನ್ನು ಅಳೆದು ನೋಡದೆ ಒಪ್ಪಬೇಕಿಲ್ಲ. ಚೈನಿನ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಅರ್ಧ ಇಂಚು. ಹೊಸ ಚೈನಿನಲ್ಲಿ 24 ಕೊಂಡಿ ಎಣಿಸಿದರೆ ಸರಿಯಾಗಿ 12 ಇಂಚು. ಪಿನ್ನುಗಳು ಸವೆದಂತೆ ಈ ಅಳತೆ ಬೆಳೆಯುತ್ತದೆ. ಲೋಹ ಎಳೆದು ಉದ್ದವಾಗುವುದಲ್ಲ, ಸಂದಿಗಳು ಅಗಲವಾಗುವುದು. 12 ಇಂಚಿನ ಮೇಲೆ 1/16 ಇಂಚು ಬೆಳೆದರೆ ಹೊಸ ಚೈನ್ ಹಾಕುವ ಹೊತ್ತು. 1/8 ಇಂಚು ಬೆಳೆಯಲು ಬಿಟ್ಟರೆ ಫ್ರೀವೀಲಿನ ಹಲ್ಲುಗಳನ್ನೂ ತಿಂದಿರುತ್ತದೆ, ಆಗ ಎರಡೂ ಬದಲಾಗಬೇಕು.

ಉಕ್ಕಿನ ಟೇಪಿನಲ್ಲಿ ಅಳೆಯುವಾಗ ತುದಿಯ ಕೊಕ್ಕೆಯಿಂದ ಶುರುಮಾಡಬೇಡಿ, ಕೊಕ್ಕೆ ಅಲ್ಲಾಡುತ್ತದೆ. 1 ಇಂಚಿನ ಗೆರೆಯನ್ನು ಒಂದು ಪಿನ್ನಿನ ನಡುವೆ ಇಟ್ಟು 13ರ ಗೆರೆ ಎಲ್ಲಿ ಬಿತ್ತು ನೋಡಿ. ಚೈನ್ ಬಿಗಿಯಾಗಿರಲಿ. ಮೇಷ್ಟ್ರೇ ಕನ್ನಡಕ ಏರಿಸಿ ಅಳೆದರು. 1/16ರ ಅರ್ಧದಷ್ಟೂ ಬೆಳೆದಿರಲಿಲ್ಲ. ಚೈನ್ ಉಳಿಯಿತು, ಫ್ರೀವೀಲೂ ಉಳಿಯಿತು.

ಆದರೆ ಅದು ಒಣಗಿತ್ತು. ಡೀಸೆಲ್ ಸ್ಪ್ರೇ ಹೊಳಪು ಕೊಡುತ್ತದೆ, ಇದ್ದ ಎಣ್ಣೆಯನ್ನೂ ಕರಗಿಸಿ ತೆಗೆಯುತ್ತದೆ. ತಾನು ಎಣ್ಣೆಯ ಕೆಲಸ ಮಾಡುವಷ್ಟು ದಪ್ಪ ಅದಕ್ಕಿಲ್ಲ. ಮೇಲೆ ಕಿತ್ತಳೆ ಬಣ್ಣದ ತುಕ್ಕಿನ ಪದರ ಬಂದಿತ್ತು. ಅದು ತೊಂದರೆಯದ್ದಲ್ಲ, ಒರೆಸಿದರೆ ಹೋಗುತ್ತದೆ. ಒಂದೆರಡು ಕೊಂಡಿ ಮಾತ್ರ ಮಡಚಲು ಬರದೆ ನಿಂತಿದ್ದವು. ಅವನ್ನು ಎರಡು ಕೈಯಲ್ಲಿ ಹಿಡಿದು ಅಕ್ಕಪಕ್ಕಕ್ಕೆ ಮೆಲ್ಲಗೆ ಬಾಗಿಸಿದಾಗ ಸಡಿಲಾದವು.

ತೊಳೆಯಲು ನಾನು ಚೈನ್ ಬಿಚ್ಚುವುದಿಲ್ಲ. ಹಲ್ಲುಜ್ಜುವ ಹಳೇ ಬ್ರಷ್‌ಗೆ ಸ್ವಲ್ಪ ಡೀಸೆಲ್ ಅದ್ದಿ, ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ನಾಲ್ಕೂ ಕಡೆ ಉಜ್ಜುವುದು. ಪೆಟ್ರೋಲ್ ಬೇಡ, ಮನೆಯೊಳಗೆ ಅದರ ಆವಿ ಅಪಾಯ. ಫ್ರೀವೀಲಿನ ಹಲ್ಲುಗಳ ನಡುವೆ ಬಟ್ಟೆಯ ಅಂಚನ್ನು ತೂರಿಸಿ ಎಳೆದರೆ ಕಪ್ಪು ಮೇಣದಂಥ ಕೊಳೆ ಬರುತ್ತದೆ. ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಲ್ಲಿ ಒರೆಸಿ, ಬರೀ ನೀರಲ್ಲಿ ಒರೆಸಿ, ಪೂರ್ತಿ ಒಣಗುವವರೆಗೆ ಕಾಯಬೇಕು. ಒದ್ದೆ ಚೈನಿಗೆ ಎಣ್ಣೆ ಹಾಕಿದರೆ ನೀರು ಒಳಗೇ ಉಳಿಯುತ್ತದೆ.

ಎಣ್ಣೆ ಯಾವುದು ಎಂಬ ಚರ್ಚೆ ನಮ್ಮ ಬೀದಿಯಲ್ಲಿ ಮುಗಿಯುವುದಿಲ್ಲ. ಮೇಷ್ಟ್ರ ಮನೆಯಲ್ಲಿ ಕೊಬ್ಬರಿ ಎಣ್ಣೆ ಹಾಕುತ್ತಿದ್ದರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಮೈಸೂರಿನ ಡಿಸೆಂಬರ್ ಬೆಳಿಗ್ಗೆ ಅದು ಚೈನಿನಲ್ಲಿ ಏನು ಮಾಡುತ್ತದೆ ಯೋಚಿಸಿ. ಗ್ಯಾರೇಜಿನ ಸುಟ್ಟ ಆಯಿಲ್ ಪುಕ್ಕಟೆ ಸಿಗುತ್ತದೆ. ಆದರೆ ಅದರಲ್ಲಿ ಇಂಜಿನ್ ಸವೆದ ಲೋಹದ ಪುಡಿ ಇರುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಚೈನಿಗೆಂದೇ ಬರುವ ಎಣ್ಣೆ ಒಳ್ಳೆಯದು. ಸಿಗದಿದ್ದರೆ ಹೊಲಿಗೆ ಮಿಷನ್ ಎಣ್ಣೆಯೂ ನಡೆಯುತ್ತದೆ, ತೆಳು ಆದ್ದರಿಂದ ಬೇಗ ಬೇಗ ಹಾಕಬೇಕು ಅಷ್ಟೇ. ಡಬ್ಲ್ಯೂಡಿ-40 ಡಬ್ಬಿಯಲ್ಲಿ ಬರುವ ಮಾಮೂಲಿ ಸ್ಪ್ರೇ ನೀರು ಓಡಿಸಲು, ತುಕ್ಕು ಹಿಡಿದ ನಟ್ ಬಿಡಿಸಲು ಸರಿ. ಅದೊಂದನ್ನೇ ಚೈನಿಗೆ ಹೊಡೆದು ಬಿಟ್ಟರೆ ಬೇಗ ಒಣಗುತ್ತದೆ.

ಎಷ್ಟು ಹಾಕುವುದು ಎಂಬುದು ಅದಕ್ಕಿಂತ ಮುಖ್ಯ. ಸವೆಯುವ ಜಾಗ ರೋಲರಿನ ಒಳಗಿದೆ, ಎಣ್ಣೆ ಬೇಕಿರುವುದೂ ಅಲ್ಲೇ. ಒಂದೊಂದು ರೋಲರಿಗೆ ಒಂದೊಂದು ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಹೊರಗಿನದನ್ನೆಲ್ಲ ಒಣಬಟ್ಟೆಯಲ್ಲಿ ಒರೆಸಿಬಿಡಬೇಕು. ಹೊರಗೆ ಉಳಿದ ಎಣ್ಣೆ ರಸ್ತೆಯ ಧೂಳನ್ನು ಹಿಡಿಯುತ್ತದೆ, ಎಣ್ಣೆ ಧೂಳು ಸೇರಿದರೆ ಅರೆಯುವ ಹಿಟ್ಟಾಗುತ್ತದೆ. ‘ಒರೆಸಿಬಿಡೋಕೆ ಮತ್ಯಾಕೆ ಹಾಕ್ಬೇಕು?’ ಎಂದು ಮೇಷ್ಟ್ರು ಕೇಳಿದರು. ಅಂಗಳದಲ್ಲಿ ಬಿದ್ದಿದ್ದ ಚೈನಿನ ಒಂದು ಹಳೇ ತುಂಡನ್ನು ಬಿಚ್ಚಿ ಪಿನ್ನು, ಬುಷ್, ರೋಲರ್ ಬೇರೆ ಮಾಡಿ ತೋರಿಸಿದ ಮೇಲೆ ಒಪ್ಪಿದರು.

ಬ್ರೇಕ್ ಮತ್ತು ಗೇರ್

ಬ್ರೇಕಿಗೆ ಆಗಿದ್ದು ಸರಳ. ಡೀಸೆಲ್ ರಿಮ್ಮಿನ ಮೇಲೂ ಬಿದ್ದಿತ್ತು. ಪಾತ್ರೆ ಲಿಕ್ವಿಡ್ ಹಾಕಿ ಎರಡು ಸಲ ಉಜ್ಜಿ ತೊಳೆದೆ. ಬ್ರೇಕ್ ರಬ್ಬರ್ ಬಿಚ್ಚಿ ಉಪ್ಪುಕಾಗದದಲ್ಲಿ ಮೇಲಿನ ಹೊಳಪು ಹೋಗುವಷ್ಟು ಉಜ್ಜಿದೆ. ರಬ್ಬರಿನಲ್ಲಿ ಕಚ್ಚಿಕೊಂಡಿದ್ದ ಅಲ್ಯುಮಿನಿಯಂ ಚೂರುಗಳನ್ನು ಪಿನ್ನಿನಲ್ಲಿ ಕಿತ್ತೆ. ಅವು ಇದ್ದರೆ ಬ್ರೇಕ್ ಹಿಡಿದಾಗಲೆಲ್ಲ ರಿಮ್ಮನ್ನು ಗೀರುತ್ತವೆ. ಡಿಸ್ಕ್ ಬ್ರೇಕ್ ಆಗಿದ್ದರೆ ಇಷ್ಟು ಸುಲಭವಾಗುತ್ತಿರಲಿಲ್ಲ. ಡಿಸ್ಕಿನ ಪ್ಯಾಡ್ ಎಣ್ಣೆ ಕುಡಿದರೆ ಸಾಮಾನ್ಯವಾಗಿ ಬಿಸಾಕುವುದೇ.

ಗೇರ್ ತಡವಾಗಿ ಇಳಿಯುತ್ತಿದ್ದುದು ಕೇಬಲ್ ಕವರಿನೊಳಗೆ ನೀರು ಕೂತಿದ್ದರಿಂದ. ಇದಕ್ಕೆ ಕೇಬಲ್ ಬಿಚ್ಚಬೇಕಿಲ್ಲ. ಚಕ್ರ ಎತ್ತಿ, ಪೆಡಲ್ ತಿರುಗಿಸುತ್ತಾ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಏರಿಸಿ. ಆಮೇಲೆ ಪೆಡಲ್ ತಿರುಗಿಸದೆ ಲಿವರ್ ಮಾತ್ರ ಇಳಿಸುತ್ತಾ ಹೋಗಿ. ಕೇಬಲ್ ಸಡಿಲಾಗುತ್ತದೆ. ಫ್ರೇಮಿನ ಮೇಲಿನ ಸೀಳಿನಿಂದ ಕವರನ್ನು ಹೊರಗೆ ತೆಗೆದು, ಮುಚ್ಚಿಕೊಂಡಿದ್ದ ಕೇಬಲ್ಲಿನ ಭಾಗವನ್ನು ಒರೆಸಿ, ಒಂದು ಹನಿ ಎಣ್ಣೆ ಸವರಿ, ಮೊದಲಿನಂತೆ ಕೂರಿಸಿ. ಆಯಿತು.

ಈಗ ನಡೆಯುತ್ತಿರುವುದು

ಖರ್ಚು ಪೆಡಲ್, ಗುಂಡು, ಗ್ರೀಸ್, ಎಣ್ಣೆಯದ್ದು ಮಾತ್ರ. ಒಟ್ಟು ಸಾವಿರ ರೂಪಾಯಿ ಮುಟ್ಟಲಿಲ್ಲ. ಪಂಪ್ ಬೇರೆ, ಅದನ್ನು ಮಗ ತಂದುಕೊಟ್ಟ.

ಸೈಕಲ್ ತೊಳೆಯುವ ಕೆಲಸವನ್ನು ಮೇಷ್ಟ್ರು ಈಗ ಮನೆಯ ಮುಂದೆಯೇ ಮಾಡುತ್ತಾರೆ. ಅರ್ಧ ಬಕೆಟ್ ನೀರು, ಎರಡು ಬಟ್ಟೆ. ಮೇಲಿನಿಂದ ಕೆಳಕ್ಕೆ ಒರೆಸುವುದು, ಚೈನಿಗೆ ಮುಟ್ಟಿಸಿದ ಬಟ್ಟೆಯನ್ನು ರಿಮ್ಮಿಗೆ ಮುಟ್ಟಿಸದಿರುವುದು, ಹಬ್ಬು ಮತ್ತು ಪೆಡಲ್ಲಿಗೆ ನೀರು ಸುರಿಯದೆ ಹಿಂಡಿದ ಬಟ್ಟೆಯಲ್ಲೇ ಒರೆಸುವುದು. ಭಾನುವಾರ ಗಾಳಿ ನೋಡುವುದು. ಚೈನ್ ಕೀಚಲು ಶಬ್ದ ಮಾಡಿದರೆ, ಇಲ್ಲವೇ ಮಳೆಯಲ್ಲಿ ನೆನೆದರೆ ಒರೆಸಿ ಎಣ್ಣೆ ಹಾಕುವುದು. ಗೇಟಿನ ಕಂಬಕ್ಕೆ ಹಳೇ ಟ್ಯೂಬಿನ ತುಂಡು ಸುತ್ತಿದ್ದಾರೆ, ಹೊಸ ಪೆಡಲ್ಲಿನ ಮುಚ್ಚಳ ಉಳಿಯಲಿ ಅಂತ.

ಹಿಂದಿನ ಹಬ್ಬಿನ ಬಲ ಕೋನ್ ಮಾತ್ರ ಬಾಕಿ ಇದೆ. ಅದರ ಮೇಲಿನ ಗುಳಿ ದೊಡ್ಡದಾಗುತ್ತಲೇ ಹೋಗುತ್ತದೆ. ಒಮ್ಮೆ ಮೇಲ್ಪದರ ಕಿತ್ತ ಉಕ್ಕು ಅಲ್ಲಿಂದಲೇ ಸವೆಯುತ್ತದೆ. ಆ ಅಳತೆಯ ಕೋನ್ ಅಂಗಡಿಯಲ್ಲಿ ಇರಲಿಲ್ಲ, ತರಿಸಿಕೊಡುತ್ತೇನೆ ಎಂದಿದ್ದಾರೆ. ಬಂದ ಮೇಲೆ ಎಡಬಲ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಗುಂಡುಗಳನ್ನೂ ಮತ್ತೊಮ್ಮೆ ಹೊಸದು ಹಾಕುವುದು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಚಕ್ರ ಎತ್ತಿ, ಫ್ರೇಮಿಗೆ ಬೆರಳು ತಾಗಿಸಿಕೊಂಡು ತಿರುಗಿಸಿ ನೋಡಲು ಮೇಷ್ಟ್ರಿಗೆ ಹೇಳಿದ್ದೇನೆ. ಬೆರಳಿಗೆ ನಡುಕ ಗೊತ್ತಾದರೆ ಕೋನಿಗೆ ಕಾಯದೆ ಚಕ್ರ ನನ್ನ ಮನೆಗೆ ತರಬೇಕು.